ಲೇಔಟ್ ಅರ್ಜಿ ಹಾಕುವ ಮೊದಲು ಜಮೀನಿನ ನೀರಿನ ದಾರಿ ಹುಡುಕುವುದು ಹೇಗೆ

ಜಮೀನು ತಗೊಂಡು ಲೇಔಟ್ ಮಾಡಬೇಕು, ಗೋದಾಮು ಕಟ್ಟಬೇಕು ಅಂತ ಬರುವವರು ಟೈಟಲ್ ಸರಿಯಿದೆಯಾ ಅಂತ ಮೊದಲು ಕೇಳುತ್ತಾರೆ. ಅದನ್ನು ವಕೀಲರು ನೋಡುತ್ತಾರೆ. ನಾನು ಪರವಾನಗಿ ಭೂಮಾಪಕ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಜಮೀನು ಅಳೆಯುವುದು ನನ್ನ ಕೆಲಸ. ನಾನು ಅವರನ್ನು ಕೇಳುವುದು ಬೇರೆ: ಈ ಜಮೀನಿಗೆ ಮಳೆ ನೀರು ಎಲ್ಲಿಂದ ಬರುತ್ತದೆ, ಇಲ್ಲಿಂದ ಎಲ್ಲಿಗೆ ಹೋಗುತ್ತದೆ?

ಪರಿಸರ ಅಪಾಯದ ವರದಿ ಅಂದರೆ ದೊಡ್ಡ ಕಂಪನಿಗಳು ಮಾಡಿಸುವ ದಪ್ಪ ಪುಸ್ತಕ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ದೊಡ್ಡ ಯೋಜನೆಗೆ ಅದು ಕಾನೂನಿನ ಕಡ್ಡಾಯ, ಮುಂದೆ ಹೇಳುತ್ತೇನೆ. ಆದರೆ ಎರಡು ಎಕರೆಯವರಿಗೂ ಅಪಾಯ ಅಷ್ಟೇ ಇರುತ್ತದೆ. ನಮ್ಮ ಕಡೆ ನೂರಕ್ಕೆ ತೊಂಬತ್ತು ಸಲ ಆ ಅಪಾಯ ನೀರಿನದ್ದೇ. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಹುಟ್ಟುವುದು ನಂದಿ ಬೆಟ್ಟದ ಸುತ್ತಲಿನ ನೆಲದಲ್ಲಿ. ಅಲ್ಲಿಂದ ಕೆಳಗೆ ಕೆರೆಯಿಂದ ಕೆರೆಗೆ ನೀರು ಇಳಿಯುತ್ತದೆ. ಒಂದರ ಕೋಡಿ ಬಿದ್ದರೆ ಇನ್ನೊಂದು ತುಂಬಬೇಕು. ಎರಡರ ನಡುವೆ ನಿಮ್ಮ ಸರ್ವೆ ನಂಬರ್ ಇದ್ದರೆ ನೀವು ನೀರಿನ ದಾರಿಯಲ್ಲಿದ್ದೀರಿ. ಹತ್ತು ವರ್ಷ ಕೆರೆ ಒಣಗಿತ್ತು ಅಂದ ಮಾತ್ರಕ್ಕೆ ದಾರಿ ಅಳಿಸಿಹೋಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಸಾಗಿಸಿದ್ದನ್ನು ಎಲ್ಲರೂ ನೋಡಿದ್ದೇವೆ.

ಮೊದಲು ಕಾಗದ

ಪಹಣಿ ತೆಗೆಯಿರಿ. ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು 'ಅ', ಫೂಟ್ ಖರಾಬು 'ಬ' ಅಂತ ಎರಡು ಸಾಲು ಇರುತ್ತವೆ. 'ಅ' ಖರಾಬು ಅಂದರೆ ಬಂಡೆ ಥರದ ಉಳುಮೆಗೆ ಬಾರದ ನೆಲ, ಅದು ಹಿಡುವಳಿದಾರರದ್ದೇ. 'ಬ' ಖರಾಬು ಸಾರ್ವಜನಿಕರದ್ದು: ದಾರಿ, ಹಳ್ಳ, ಸ್ಮಶಾನ, ಕಾಲುವೆ. ಹೆಚ್ಚಿನವರು ಈ ಅಂಕಿಯನ್ನು ವಿಸ್ತೀರ್ಣದಿಂದ ಕಳೆದು ಸುಮ್ಮನಾಗುತ್ತಾರೆ. ನೀವು ಅದನ್ನು ಬಿಡಿಸಿ ನೋಡಬೇಕು.

ಒಂದು ಉದಾಹರಣೆ. ಒಟ್ಟು 3 ಎಕರೆ 20 ಗುಂಟೆ, ಅದರಲ್ಲಿ 'ಬ' ಖರಾಬು 7 ಗುಂಟೆ. ಒಂದು ಗುಂಟೆಗೆ 1,089 ಚದರಡಿ, ಹಾಗಾದರೆ 7 ಗುಂಟೆಗೆ 7,623 ಚದರಡಿ. ಇದು 15 ಅಡಿ ಅಗಲದ ಹಳ್ಳ ಅಂದುಕೊಂಡರೆ ಉದ್ದ 500 ಅಡಿ ದಾಟುತ್ತದೆ. ಅಂದರೆ ಅದು ಮೂಲೆಯಲ್ಲಿರುವ ತುಂಡು ನೆಲ ಅಲ್ಲ, ಜಮೀನನ್ನು ಸೀಳಿಕೊಂಡು ಹೋಗುವ ಹಳ್ಳವೇ ಇರಬಹುದು. ಸ್ಥಳಕ್ಕೆ ಹೋದರೆ ಹಳ್ಳ ಕಾಣುವುದಿಲ್ಲ, ರಾಗಿ ಹೊಲ ಒಂದೇ ಸಮ ಇರುತ್ತದೆ. ಹಿಂದಿನವರು ಯಾವತ್ತೋ ಮಟ್ಟ ಮಾಡಿ ಉತ್ತಿರುತ್ತಾರೆ. ಆ 7 ಗುಂಟೆ ಎಲ್ಲಿ ಹೋಯಿತು ಅನ್ನುವುದಕ್ಕೆ ಉತ್ತರ ಮೂಲ ಟಿಪ್ಪಣಿಯಲ್ಲಿ, ಅಂದರೆ ಹಳೆಯ ಸರ್ವೆಯಲ್ಲಿ ಅಳತೆ ಸಮೇತ ಬರೆದಿಟ್ಟ ಚಿತ್ರದಲ್ಲಿ ಇದೆ. ಸರ್ವೆ ಇಲಾಖೆಯಲ್ಲಿ ಟಿಪ್ಪಣಿ, ಆಕಾರ್ ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಖರಾಬಿನ ಪಟ್ಟಿ), ಗ್ರಾಮ ನಕಾಶೆ, ಮೂರಕ್ಕೂ ನಕಲು ಅರ್ಜಿ ಹಾಕಿ. ಟಿಪ್ಪಣಿಯಲ್ಲಿ ಅಳತೆ ಚೈನು, ಆಣೆ ಲೆಕ್ಕದಲ್ಲಿರುತ್ತದೆ. 33 ಅಡಿಗೆ ಒಂದು ಚೈನು, 16 ಆಣೆಗೆ ಒಂದು ಚೈನು. ಅಡಿಗೆ ಬದಲಾಯಿಸಿಕೊಂಡು ಹಳ್ಳದ ಗೆರೆಯನ್ನು ಈಗಿನ ನಕ್ಷೆಯ ಮೇಲೆ ಕೂರಿಸಿ. ಪೋಡಿ ಆಗಿ, ಅಂದರೆ ಸರ್ವೆ ನಂಬರ್ ಒಡೆದು, ಹಿಸ್ಸಾ (ಪಾಲು) ಆದ ಜಮೀನಾದರೆ ಅಕ್ಕಪಕ್ಕದ ಹಿಸ್ಸಾಗಳ ಟಿಪ್ಪಣಿಯನ್ನೂ ತರಿಸಿ. ಹಳ್ಳ ಪಕ್ಕದವರ ಹಿಸ್ಸಾದಲ್ಲಿ ಅರ್ಧ ತೋರಿಸಿ ನಿಮ್ಮದರಲ್ಲಿ ಮಾಯವಾಗಿದ್ದರೆ ಅಲ್ಲೇ ನಿಲ್ಲಿಸಿ, ಮರು ಅಳತೆಗೆ ಹಾಕಿ.

ದಿಶಾಂಕ್ ಆ್ಯಪ್ ಎಲ್ಲರ ಫೋನಿನಲ್ಲೂ ಇದೆ. ಹೊಲದಲ್ಲಿ ನಿಂತರೆ ಸರ್ವೆ ನಂಬರ್, ಹತ್ತಿರದ ಕೆರೆ, ರಾಜಕಾಲುವೆ ತೋರಿಸುತ್ತದೆ. ಒಳ್ಳೆಯ ಸಾಧನ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ಎಲ್ಲಿ ಅನುಮಾನ ಪಡಬೇಕು ಅಂತ ತಿಳಿಯಲು ಅದು ಸಾಕು, ಗಡಿ ನಿಗದಿ ಮಾಡಲು ಸಾಲದು.

ಸರ್ವೆ ಆಫ್ ಇಂಡಿಯಾದ ಟೋಪೋಶೀಟನ್ನು, ಅಂದರೆ ನೆಲದ ಎತ್ತರ, ಹಳ್ಳ, ಕೆರೆ ತೋರಿಸುವ ನಕ್ಷೆಯನ್ನು, ಅವರ ಪೋರ್ಟಲ್‌ನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಬರೀ ನೀಲಿ ಗೆರೆ ಹುಡುಕಬೇಡಿ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳನ್ನು ಕಪ್ಪು ಗೆರೆಯಲ್ಲಿ ಬರೆದಿರುತ್ತಾರೆ, ನಮ್ಮ ಕಡೆಯವು ಜಾಸ್ತಿ ಅಂಥವೇ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳಿಗೆ ಹೋಗಿ ಮಾರ್ಚ್, ಏಪ್ರಿಲ್ ತಿಂಗಳದ್ದನ್ನು ನೋಡಿ. ಸುತ್ತ ಎಲ್ಲ ಒಣಗಿ ಕಂದಾಗಿರುವಾಗ ಒಂದು ಪಟ್ಟಿ ಮಾತ್ರ ಹಸಿರಾಗಿದ್ದರೆ ಅದರ ಕೆಳಗೆ ತೇವ ಇದೆ ಅಂತ ಅರ್ಥ.

ಆಮೇಲೆ ಕಾಲ್ನಡಿಗೆ

ಬೆಳಗ್ಗೆ ಬೇಗ ಹೋಗಿ, ಸಾಧ್ಯವಾದರೆ ಜೋರು ಮಳೆ ಬಂದ ಮಾರನೇ ದಿನ. ನಿಮ್ಮ ಗಡಿಯೊಳಗೆ ಮಾತ್ರ ಓಡಾಡಿದರೆ ಏನೂ ಗೊತ್ತಾಗುವುದಿಲ್ಲ. ಮೇಲಿನ ಕೆರೆಯ ಕೋಡಿಯಿಂದ ಶುರು ಮಾಡಿ ಕೆಳಗಿನ ಕೆರೆಯ ಅಂಗಳದವರೆಗೆ ನಡೆಯಿರಿ. ಜೊಂಡು ಎಲ್ಲಿ ಬೆಳೆದಿದೆ, ಬೇಲಿಯಲ್ಲಿ ಕಸಕಡ್ಡಿ ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ, ರಸ್ತೆ ಕೆಳಗೆ ಮೋರಿ ಎಲ್ಲೆಲ್ಲಿದೆ ನೋಡಿ. ರಸ್ತೆ ಹಾಕಿದವರು ಸುಮ್ನೆ ಮೋರಿ ಇಟ್ಟಿರುವುದಿಲ್ಲ, ಅಲ್ವಾ? ಮೋರಿಯ ಬಾಯಿ ನಿಮ್ಮ ಜಮೀನಿನ ಕಡೆ ಇದ್ದರೆ ನೀರೂ ನಿಮ್ಮ ಕಡೆಗೇ ಬರುತ್ತದೆ.

ಊರಿನ ನೀರಗಂಟಿ ಮನೆತನದವರನ್ನು ಹುಡುಕಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವರು ಅವರು. ಯಾವ ಕಾಲುವೆ ಎಲ್ಲಿ ಹೋಗುತ್ತಿತ್ತು ಅಂತ ಅವರಿಗೆ ಬಾಯಲ್ಲೇ ಇರುತ್ತದೆ. "ಅಜ್ಜ, ಕೋಡಿ ಬಿದ್ದಾಗ ನೀರು ಎಲ್ಲಿವರೆಗೆ ನಿಲ್ತಿತ್ತು?" ಅಂತ ಕೇಳಿ, ಅವರನ್ನೇ ಕರೆದುಕೊಂಡು ಹೋಗಿ ಕೋಲು ನೆಡಿಸಿ. ನೀವು ಜಮೀನು ಕೊಳ್ಳಲು ಬಂದವರು ಅಂತ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅವರೂ ಮನಸ್ಸು ಬಿಚ್ಚುವುದಿಲ್ಲ.

ಇನ್ನು ಮಟ್ಟ. ಟೋಪೋಶೀಟಿನ ಎತ್ತರದ ಗೆರೆಗಳ ನಡುವೆ 20 ಮೀಟರ್ ಅಂತರ ಇರುತ್ತದೆ, ಎರಡು ಎಕರೆಗೆ ಅದು ಉಪಯೋಗವಿಲ್ಲ. ಮಟ್ಟ ನೋಡುವ ದುರ್ಬೀನು, ಆಟೋ ಲೆವೆಲ್, ಬಾಡಿಗೆಗೆ ಸಿಗುತ್ತದೆ. ದೂರ ಕಡಿಮೆಯಾದರೆ ಗಾರೆಯವರು ಬಳಸುವ ಪಾರದರ್ಶಕ ಪೈಪಿನಲ್ಲೂ ಹಂತ ಹಂತವಾಗಿ ಮಟ್ಟ ಸಾಗಿಸಬಹುದು. ಮುಖ್ಯವಾಗಿ ಬೇಕಾದದ್ದು ಎರಡು ಅಂಕಿ: ಕೋಡಿ ಕಲ್ಲಿನ ಮಟ್ಟ ಮತ್ತು ನಿಮ್ಮ ಜಮೀನಿನ ಅತಿ ತಗ್ಗಿನ ಮೂಲೆಯ ಮಟ್ಟ. ಜಮೀನು ಕೆರೆಯ ಮೇಲ್ಭಾಗದಲ್ಲಿದ್ದು ಆ ಮೂಲೆ ಕೋಡಿಗಿಂತ ತಗ್ಗಾಗಿದ್ದರೆ ಕೆರೆ ತುಂಬಿದ ದಿನ ಅಲ್ಲಿ ಹಿನ್ನೀರು ಬರುತ್ತದೆ. ಕೋಡಿ ಬಿದ್ದಾಗ ಕಲ್ಲಿನ ಮೇಲೆ ಒಂದೆರಡು ಅಡಿ ನೀರು ಹರಿಯುತ್ತದೆ, ಅದನ್ನೂ ಸೇರಿಸಿಕೊಳ್ಳಿ. ಜಮೀನು ಏರಿಯ ಕೆಳಗೆ, ಹಳೆಯ ಅಚ್ಚುಕಟ್ಟಿನಲ್ಲಿದ್ದರೆ ಮಟ್ಟಕ್ಕಿಂತ ಕೋಡಿ ಹಳ್ಳ ಎಲ್ಲಿ ಹಾಯುತ್ತದೆ ಅನ್ನುವುದೇ ಮುಖ್ಯ.

ಒಂದು ಜೆಸಿಬಿ ಕರೆಸಿ ತಗ್ಗಿನ ಕಡೆ ಎಂಟಡಿ ಗುಂಡಿ ತೆಗೆಸಿ. ಮೇಲೆ ಎರಡಡಿ ಕೆಂಪು ಮಣ್ಣು, ಕೆಳಗೆ ಕಪ್ಪು ಗೋಡು, ನಡುವೆ ಬಸವನಹುಳುವಿನ ಚಿಪ್ಪು ಸಿಕ್ಕರೆ ಅಲ್ಲಿ ಹಿಂದೆ ನೀರು ನಿಲ್ಲುತ್ತಿತ್ತು, ಮೇಲಿನದು ತಂದು ಸುರಿದ ಮಣ್ಣು. ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬಂದರೆ ಹಳೆಯ ಇಟ್ಟಿಗೆ ಗೂಡಿನ ಹಳ್ಳವನ್ನೋ ಕ್ವಾರಿಯನ್ನೋ ಕಸದಿಂದ ಮುಚ್ಚಿದ್ದಾರೆ. ಅಂಥ ಕಡೆ ಅಡಿಪಾಯವೂ ಕಷ್ಟ, ಬೋರ್ ನೀರೂ ಕಷ್ಟ. ದ್ರಾಕ್ಷಿ ತೋಟ ಇದ್ದ ಜಮೀನಾದರೆ ವರ್ಷಗಟ್ಟಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಹೊಡೆದಿರುತ್ತಾರೆ, ಮಣ್ಣಿನಲ್ಲಿ ತಾಮ್ರದ ಪರೀಕ್ಷೆ ಮಾಡಿಸಿ. ಬೋರ್ ನೀರಿಗೆ ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್, 45 ದಾಟಿದ ನೈಟ್ರೇಟ್ ಕುಡಿಯಲು ಆಗುವುದಿಲ್ಲ.

ಲೆಕ್ಕ

ಇದಕ್ಕೆ ಹೆದರುವವರೇ ಜಾಸ್ತಿ, ಆದರೆ ಗುಣಾಕಾರ ಬಂದರೆ ಸಾಕು. ಒಂದು ಎಕರೆ 4,047 ಚದರ ಮೀಟರ್. 100 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆ ಮೇಲೆ ನಾಲ್ಕು ಲಕ್ಷ ಲೀಟರ್ ಬಿದ್ದಂತೆ.

ನಿಮ್ಮ ಜಮೀನಿನ ಮೂಲಕ ಹಾಯುವ ನೀರು ಎಷ್ಟು ಎಕರೆಯಿಂದ ಬರುತ್ತದೆ ಅಂತ ನಕ್ಷೆಯಲ್ಲಿ ಅಳೆಯಿರಿ. 20 ಎಕರೆ ಅಂದುಕೊಳ್ಳೋಣ, ಅಂದರೆ ಸುಮಾರು 8 ಹೆಕ್ಟೇರ್. ಗಂಟೆಗೆ 60 ಮಿ.ಮೀ. ಮಳೆ. ಹೊಲವಾಗಿದ್ದಾಗ ಬಿದ್ದ ನೀರಿನಲ್ಲಿ ಹತ್ತರಲ್ಲಿ ನಾಲ್ಕು ಪಾಲು ಹರಿದುಹೋಗುತ್ತದೆ ಅಂತ ಹಿಡಿಯಿರಿ. ಹೆಕ್ಟೇರನ್ನು ಮಳೆಯಿಂದಲೂ ಈ ಪಾಲಿನಿಂದಲೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಸಿಗುತ್ತದೆ. ಇಲ್ಲಿ ಸುಮಾರು 0.54, ಅಂದರೆ ಸೆಕೆಂಡಿಗೆ 540 ಲೀಟರ್. ಮೇಲಿನ ಹೊಲಗಳೂ ನಾಳೆ ಲೇಔಟ್ ಆದವು, ಕಾಂಕ್ರೀಟ್ ಬಿತ್ತು, ಹತ್ತರಲ್ಲಿ ಎಂಟು ಪಾಲು ಹರಿಯಿತು ಅಂದರೆ 1,080 ಲೀಟರ್. ಎರಡು ಅಡಿ ವ್ಯಾಸದ ಹ್ಯೂಮ್ (ಕಾಂಕ್ರೀಟ್) ಪೈಪ್ 200 ಅಡಿಗೆ ಒಂದಡಿ ಇಳಿಜಾರಿನಲ್ಲಿ ತುಂಬಿ ಹರಿದರೂ ಸಾಗಿಸುವುದು ಸೆಕೆಂಡಿಗೆ 430 ಲೀಟರ್ ಹತ್ತಿರ. ಹಳ್ಳ ಮುಚ್ಚಿ ಒಂದು ಪೈಪ್ ಹಾಕಿಬಿಡೋಣ ಅಂತ ಹೇಳುವ ಮೇಸ್ತ್ರಿಗೆ ಈ ಮೂರು ಅಂಕಿ ತೋರಿಸಿ. ಇವತ್ತಿನ ಹೊಲದ ನೀರಿಗೇ ಆ ಪೈಪ್ ಸಾಲುವುದಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿ ಮಾಡಿ, ನನಗೆ ಇದು ಇನ್ನೂ ಮುಖ್ಯ. ನಿಮ್ಮ ಎರಡು ಎಕರೆಯಲ್ಲಿ ಶೇಕಡ 60 ಭಾಗ ತಾರಸಿ, ರಸ್ತೆ ಆಗುತ್ತದೆ ಅಂದರೆ 60 ಮಿ.ಮೀ. ಮಳೆಗೆ ಅದರ ಮೇಲೆ ಬೀಳುವುದು 2.9 ಲಕ್ಷ ಲೀಟರ್. ಇಷ್ಟು ದಿನ ಹೊಲ ಕುಡಿಯುತ್ತಿದ್ದ ನೀರು ಇನ್ನು ಮುಂದೆ ಕೆಳಗಿನ ರೈತನ ರಾಗಿಗೋ ಪಕ್ಕದ ಕಾಲೋನಿಯ ಮನೆಗಳಿಗೋ ನುಗ್ಗುತ್ತದೆ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳದ ಒಂದು ಹೊಂಡ ಮಾಡಿದರೆ ಅಷ್ಟನ್ನೂ ಹಿಡಿದಿಡಬಹುದು. ಪಾರ್ಕಿಗೆ ಬಿಡುವ ಜಾಗವನ್ನು ತಗ್ಗಿನ ಕಡೆಗೇ ಇಟ್ಟರೆ ಹೊಂಡಕ್ಕೆ ಬೇರೆ ಜಾಗ ಬೇಡ. ಮೂಲೆ ಸೈಟು ಜಾಸ್ತಿ ಬೆಲೆಗೆ ಹೋಗುತ್ತದೆ ಅಂತ ತಗ್ಗಿನಲ್ಲಿ ಸೈಟು ಮಾಡಿ ಎತ್ತರದಲ್ಲಿ ಪಾರ್ಕ್ ಇಡುವ ಪ್ಲಾನುಗಳನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಆ ಮೂಲೆ ಸೈಟು ತಗೊಳ್ಳುವವರು ಜೀವಮಾನದ ಉಳಿತಾಯ ಹಾಕಿ ತಗೊಳ್ಳುತ್ತಾರೆ.

ಎಷ್ಟು ಬಿಡಬೇಕು, ಯಾರನ್ನು ಕೇಳಬೇಕು

ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಏನೂ ಕಟ್ಟದೆ ಬಿಡಬೇಕಾದ ಅಂತರ ಕೆರೆಗೆ 30 ಮೀಟರ್. ದೊಡ್ಡ ರಾಜಕಾಲುವೆಗೆ 50, ಎರಡನೇ ದರ್ಜೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್, ಕಾಲುವೆಯ ಮಧ್ಯದಿಂದ ಅಳೆದು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಿಯಮ ಹೀಗೆ ಬದಲಾಗುತ್ತಿರುತ್ತದೆ, ಊರಿನ ಯೋಜನಾ ಪ್ರಾಧಿಕಾರ ಬೇರೆಯಾದರೆ ಅಂಕಿಯೂ ಬೇರೆಯಾಗಬಹುದು. ಹಾಗಾಗಿ ಅರ್ಜಿ ಹಾಕುವ ವಾರದಲ್ಲಿ ನಿಮ್ಮ ಪ್ರಾಧಿಕಾರದಿಂದ ಜಾರಿಯಲ್ಲಿರುವ ಅಂತರವನ್ನು ಬರಹದಲ್ಲೇ ಪಡೆಯಿರಿ. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ನನ್ನ ಸಲಹೆ ಇಷ್ಟೇ: ಕಾನೂನು ಕೇಳುವುದಕ್ಕಿಂತ ನೀರಗಂಟಿ ಅಜ್ಜನ ಕೋಲು ದೂರದಲ್ಲಿದ್ದರೆ ಕೋಲಿನವರೆಗೆ ಬಿಡಿ.

ಕಟ್ಟುವ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ, ಅಥವಾ ಬಡಾವಣೆ 50 ಹೆಕ್ಟೇರ್ ಆದರೆ, 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅರ್ಜಿ ಪರಿವೇಶ್ ಪೋರ್ಟಲ್‌ನಲ್ಲಿ. ಅನುಮತಿ ಕೈಗೆ ಬಂದ ಮೇಲೇ ಕೆಲಸ ಶುರು ಮಾಡಬೇಕು, ನೆಲ ಅಗೆಯುವುದೂ ಅಷ್ಟೇ. ಮಿತಿ ತಪ್ಪಿಸಲು ಒಂದೇ ಯೋಜನೆಯನ್ನು ಮೂರು ಹೆಸರಿನಲ್ಲಿ ಒಡೆಯುವುದು ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಮರ ಕಡಿಯಲು 1976ರ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇರೆ ಬೇರೆ ಅರ್ಜಿಗಳು. ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವುದು, 1964ರ ಕಂದಾಯ ಕಾಯ್ದೆಯ 95ನೇ ಕಲಂನ ವಿಷಯ. ಪರಿವರ್ತನೆ ಆಯಿತು ಅಂದರೆ ನೀರಿನ ವಿಷಯ ಇತ್ಯರ್ಥ ಆಯಿತು ಅಂತಲ್ಲ.

ವರದಿ ಐದಾರು ಪುಟ ಇರಲಿ. ಮೊದಲ ಪುಟದಲ್ಲಿ ಗ್ರಾಮ ನಕಾಶೆಯ ಮೇಲೆ ಮೇಲಿನ ಕೆರೆ, ಕೆಳಗಿನ ಕೆರೆ, ನಡುವೆ ನಿಮ್ಮ ಜಮೀನು, ನೀರಿನ ದಾರಿಗೆ ನೀಲಿ ಬಾಣ. ಆಮೇಲೆ ಮಟ್ಟಗಳು, ಗುಂಡಿಯ ಫೋಟೋ, ಪರೀಕ್ಷಾ ವರದಿ, ನೀರಿನ ಲೆಕ್ಕ. ಕೊನೆಯಲ್ಲಿ ಪ್ರತಿ ಅಪಾಯಕ್ಕೂ ಮೂರು ವಿಷಯ: ಆಗುವ ಸಾಧ್ಯತೆ ಎಷ್ಟು, ಆದರೆ ಯಾರಿಗೆ ಏನು ಹಾನಿ, ಅದಕ್ಕೆ ನಾವು ಏನು ಮಾಡುತ್ತೇವೆ. "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆಯಬೇಡಿ. "ಈಶಾನ್ಯ ಮೂಲೆಯಲ್ಲಿ 300 ಘನ ಮೀಟರ್ ಹೊಂಡ, ಮೊದಲ ಮಳೆಗಾಲಕ್ಕೆ ಮುಂಚೆ" ಅಂತ ಬರೆಯಿರಿ. ಫೋಟೋಗಳಲ್ಲಿ ದಿನಾಂಕ ಇರಲಿ. ಪ್ಲಾನ್ ಜೊತೆ ಸಲ್ಲಿಸಿ ಸ್ವೀಕೃತಿ ತಗೊಳ್ಳಿ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಇನ್ನೊಂದನ್ನು ಕೆಳಗಿನ ಜಮೀನಿನವರಿಗೆ ಕೊಡಿ. ಅವರು ಒಪ್ಪದ ಅಂಕಿ ಇದ್ದರೆ ಪೈಪು, ಮಾರ್ಕರ್ ಹಿಡಿದು ಅವರ ಜೊತೆಗೇ ಇನ್ನೊಮ್ಮೆ ಅಳೆಯಿರಿ, ಸುಣ್ಣದ ಗೆರೆ ಹಾಕುವ ಮೊದಲು.