ಬೋರ್ಡ್ ಆಟವನ್ನು ಕನ್ನಡಕ್ಕೆ ಅಳವಡಿಸುವಾಗ ಹಕ್ಕುಸ್ವಾಮ್ಯದ ಎಚ್ಚರ

ಸ್ಕ್ರ್ಯಾಬಲ್ ಮಾದರಿಯ ಪದಜೋಡಣೆಯ ಆಟವನ್ನು ಕನ್ನಡಕ್ಕೆ ತರಲು ಹೊರಟವರು ಮೊದಲು ಆಟದ ವಿಧಾನವನ್ನೂ ಅದರ ಅಭಿವ್ಯಕ್ತಿಯನ್ನೂ ಬೇರೆಬೇರೆಯಾಗಿ ನೋಡಬೇಕು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಅಂಕ ಗಳಿಸುವ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೆ ನಿಯಮಪುಸ್ತಿಕೆಯ ಬರಹ ಮತ್ತು ಪೆಟ್ಟಿಗೆಯ ಚಿತ್ರಗಳು ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ರಕ್ಷಣೆ ಪಡೆಯಬಲ್ಲವು, ಅನುವಾದದ ಹಕ್ಕೂ ಮೂಲದ ಹಕ್ಕುದಾರರದೇ ಆದ್ದರಿಂದ ಪುಸ್ತಿಕೆಯನ್ನು ಸಾಲುಸಾಲಾಗಿ ಕನ್ನಡಿಸುವುದೂ ಉಲ್ಲಂಘನೆಯಾಗಬಹುದು. ಆ ಪುಸ್ತಿಕೆಯನ್ನು ಬದಿಗಿಟ್ಟು, ಎದುರಿಗೆ ಕುಳಿತವರಿಗೆ ಆಟ ಹೇಳಿಕೊಡುವಂತೆ ನಿಯಮಗಳನ್ನು ಹೊಸದಾಗಿ ಬರೆಯಿರಿ.

ಹೆಸರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸ್ಕ್ರ್ಯಾಬಲನ್ನು ಹೋಲುವ ‘ಸ್ಕ್ರ್ಯಾಬುಲಸ್’ ಎಂಬ ಆನ್‌ಲೈನ್ ಆಟದ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2008ರ ಮಧ್ಯಂತರ ಆದೇಶದಲ್ಲಿ ಹಲಗೆಯ ಮೇಲಿನ ಹಕ್ಕುಸ್ವಾಮ್ಯದ ವಾದವನ್ನು ಒಪ್ಪಲಿಲ್ಲ. ಆದರೆ ಟ್ರೇಡ್‌ಮಾರ್ಕನ್ನು ಹೋಲುವ ಆ ಹೆಸರಿನ ಬಳಕೆಯನ್ನು ತಡೆಯಿತು.

ಹಾಗೆ ನೋಡಿದರೆ, ಕನ್ನಡಕ್ಕೆ ಇಂಗ್ಲಿಷ್ ಬಿಲ್ಲೆಗಳ ಲೆಕ್ಕ ಹೊಂದುವುದೂ ಇಲ್ಲ. ‘ಅಕ್ಕ’ ಎಂಬ ಪದಕ್ಕೆ ಎರಡು ಬಿಲ್ಲೆಯೋ, ಒತ್ತಕ್ಷರಕ್ಕೆ ಬೇರೆ ಬಿಲ್ಲೆಯೋ ಎಂಬುದನ್ನು ನೀವೇ ತೀರ್ಮಾನಿಸಬೇಕಾಗುತ್ತದೆ. ಇದು ನಿಮ್ಮದೇ ಕೆಲಸ ಎಂದು ತೋರಿಸಲು ಆ ತೀರ್ಮಾನಗಳ ಕರಡುಗಳನ್ನು ದಿನಾಂಕ ಹಾಕಿ ಕಾಪಾಡಿಕೊಳ್ಳಿ.

ಚೌಕಾಬಾರ, ಅಳಗುಳಿಮಣೆಗಳಂಥ ಸಾಂಪ್ರದಾಯಿಕ ಆಟಗಳಿಗೆ ಯಾರ ಅನುಮತಿಯೂ ಬೇಡ. ಅವುಗಳಿಗೆ ಇಂದಿನ ಕಲಾವಿದರೊಬ್ಬರು ಬರೆದ ಚಿತ್ರವನ್ನು ಬಳಸುವುದಾದರೆ ಮಾತ್ರ ಲಿಖಿತ ಒಪ್ಪಿಗೆ ಪಡೆಯಿರಿ.