ಟೊಮೆಟೊ ಕಡ್ಡಿ, ನೈಲಾನ್ ಬಲೆ, ಎರಡೆಳೆ ತಂತಿ: ಕುರಿಗಳಿಗೆ ನಾನು ಹಾಕುವ ತಾತ್ಕಾಲಿಕ ಬೇಲಿ

ಕೋಲಾರದ ಕಡೆ ಮೊದಲೆಲ್ಲ ಕುರಿ ಮೇಯಿಸೋಕೆ ಜಾಗ ಹುಡುಕಬೇಕಿರಲಿಲ್ಲ. ಒಣಗಿದ ಕೆರೆ ಅಂಗಳಕ್ಕೆ ಬಿಟ್ಟರೆ ಸಂಜೆ ತನಕ ಅವೇ ಮೇಯುತ್ತಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬರೋಕೆ ಶುರುವಾದ ಮೇಲೆ ನಮ್ಮ ಸುತ್ತಿನ ಕೆರೆಗಳು ತುಂಬಿದವು. ಬೋರ್‌ವೆಲ್‌ಗಳು ಉಸಿರಾಡಿದವು, ಅದು ದೊಡ್ಡ ಸಂತೋಷ. ಆದರೆ ಮೇಯುವ ಅಂಗಳ ನೀರಿನಡಿ ಹೋಯಿತು. ಸುತ್ತಲೂ ವರ್ಷವಿಡೀ ಟೊಮೆಟೊ, ಕೋಸು, ಬೀನ್ಸ್. ಒಂದು ಕುರಿ ಬದು ದಾಟಿದರೂ ಜಗಳ ಗ್ಯಾರಂಟಿ. ಹಾಗಾಗಿ ರಾಗಿ ಕೊಯ್ದ ಮೇಲೆ ನಮ್ಮ ಕೂಳೆ ಹೊಲದಲ್ಲೇ ಬೇಲಿ ಹಾಕಿ, ಅದನ್ನು ಜರುಗಿಸುತ್ತಾ ಕುರಿ ನಿಲ್ಲಿಸುತ್ತೇನೆ. ಹಗಲು ಮೇವು, ರಾತ್ರಿ ಗೊಬ್ಬರ, ಎರಡೂ ನಮ್ಮ ಮಣ್ಣಿಗೇ.

ಕಂಬಕ್ಕೆ ನಾನು ಹೊಸದಾಗಿ ಏನೂ ತರುವುದಿಲ್ಲ. ಟೊಮೆಟೊ ಬೆಳೆ ಮುಗಿದ ಮೇಲೆ ಕಿತ್ತು ಹಾಕಿದ ನೀಲಗಿರಿ ಕಡ್ಡಿಗಳೇ ಸಾಕು. ಬುಡ ನೋಡಿ ಆರಿಸಬೇಕು, ಅಷ್ಟೇ. ಕಲ್ಲಿಗೆ ಕುಟ್ಟಿದಾಗ ಠಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಗೆದ್ದಲು ತಿಂದಿದೆ, ಅದು ಒಲೆಗೆ. ಮೂಲೆಗೆ ಮಾತ್ರ ದಪ್ಪ ಗಳ ಬೇಕು.

ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಕಲ್ಲಿನಂತೆ. ಹಾರೆ ಹಾಕಿದರೆ ಕೈ ಝುಮ್ ಅನ್ನುತ್ತದೆ. ಹಿಂದಿನ ಸಂಜೆಯೇ ಗುರುತು ಹಾಕಿದ ಜಾಗಕ್ಕೆಲ್ಲ ಒಂದೊಂದು ಚೊಂಬು ನೀರು ಹುಯ್ದುಬಿಡಿ. ಬೆಳಗ್ಗೆ ಒಂದೂವರೆ ಅಡಿ ಆಳ ಸಲೀಸಾಗಿ ಇಳಿಯುತ್ತದೆ. ಕಡ್ಡಿಯಿಂದ ಕಡ್ಡಿಗೆ ಎಂಟು ಅಡಿ ಸಾಕು. ಮೂಲೆ ಗಳ ಎರಡು ಅಡಿ ಆಳಕ್ಕೆ ಹೋಗಲೇಬೇಕು. ಜೊತೆಗೆ ಹೊರಗಡೆಗೆ ಓರೆಯಾಗಿ ಹಗ್ಗ ಎಳೆದು ಗೂಟಕ್ಕೆ ಬಿಗಿಯಬೇಕು. ಬಲೆಯ ಎಳೆತವೆಲ್ಲ ಬಂದು ಬೀಳುವುದು ಮೂಲೆಯ ಮೇಲೆ. ಮೂಲೆ ಒಂದು ಗೇಣು ವಾಲಿದರೂ ನಡುವೆ ಬಲೆ ಜೋತು ಬೀಳುತ್ತದೆ. ಜೋತುಬಿದ್ದ ಕಡೆಯೇ ಕುರಿ ಹಾರುತ್ತದೆ.

ಆದಷ್ಟು ಚೌಕವಾಗಿ ಹಾಕಿ. 160 ಅಡಿ ಬಲೆಯನ್ನು 40ಕ್ಕೆ 40 ಹಾಕಿದರೆ 1,600 ಚದರ ಅಡಿ ಸಿಗುತ್ತದೆ. ಅದೇ ಬಲೆ 60ಕ್ಕೆ 20 ಆದರೆ 1,200. ಖರ್ಚು ಅಷ್ಟೇ, ಜಾಗ ಮಾತ್ರ ಕಮ್ಮಿ.

ಬಲೆ ನಾಲ್ಕು ಅಡಿ ಎತ್ತರದ್ದು, ಕಣ್ಣು ಚಿಕ್ಕದಿರಬೇಕು. ಕಣ್ಣು ದೊಡ್ಡದಾದರೆ ಮರಿ ತಲೆ ತೂರಿಸುತ್ತದೆ. ಕೊಂಬಿನ ಟಗರು ಸಿಕ್ಕಿಕೊಂಡರೆ ಒದ್ದಾಡಿ ಕತ್ತು ಬಿಗಿದುಕೊಳ್ಳುತ್ತದೆ. ಟಗರನ್ನು ನಾನು ಬೇರೆಯೇ ಕಟ್ಟುತ್ತೇನೆ. ಬಲೆಯ ಕೆಳಗಿನ ಅಂಚನ್ನು ಒಂದು ಮೊಳದಷ್ಟು ಹೊರಗೆ ಹಾಸಿ, ಮೇಲೆ ಕಲ್ಲು ಹೇರಿ. ನಾಯಿ ಬಂದು ಕೆರೆಯುವುದು ಬಲೆಯ ಬುಡದಲ್ಲೇ. ತನ್ನ ಕಾಲಡಿಯೇ ಬಲೆ ಇದ್ದರೆ ಅದಕ್ಕೆ ತೋಡೋಕಾಗಲ್ಲ.

ನಮ್ಮಲ್ಲಿ ಚಿರತೆಗಿಂತ ಜಾಸ್ತಿ ಕಾಟ ಬೀದಿನಾಯಿಗಳದ್ದು. ಗುಂಪು ನುಗ್ಗಿದರೆ ಒಂದನ್ನೂ ಬಿಡಲ್ಲ. ಅದಕ್ಕೇ ಬಲೆಯಿಂದ ಒಂದೂವರೆ ಅಡಿ ಹೊರಗೆ, ಬೇರೆ ಗೂಟಗಳ ಮೇಲೆ, ಝಟ್ಕಾ ಮೆಷಿನ್‌ನ (ಬೇಲಿ ತಂತಿಗೆ ಬಿಟ್ಟುಬಿಟ್ಟು ಕರೆಂಟ್ ಹರಿಸುವ ಯಂತ್ರ) ತಂತಿ ಎಳೆಯುತ್ತೇನೆ. ಪ್ಲಾಸ್ಟಿಕ್ ದಾರದೊಳಗೆ ಸಣ್ಣ ಸ್ಟೀಲ್ ಎಳೆ ಹೆಣೆದಿರುವ ತಂತಿ ಅದು, ಸುತ್ತಿಡೋಕೆ ಸುಲಭ. ನೆಲದಿಂದ ಒಂದು ಗೇಣು ಎತ್ತರ. ನಾಯಿ ಯಾವುದನ್ನಾದರೂ ಮೊದಲು ಮೂಸುತ್ತದೆ ಅಲ್ವಾ? ಒದ್ದೆ ಮೂಗಿಗೆ ಏಟು ಬಿದ್ದರೆ ಆ ಕಡೆ ಮತ್ತೆ ತಲೆ ಹಾಕಲ್ಲ. ಮೆಷಿನ್ ಸುಮಾರು ಸೆಕೆಂಡಿಗೊಂದು ಸಲ ಚಿಟಿಕೆಯಷ್ಟು ಹೊತ್ತು ಮಾತ್ರ ಕರೆಂಟ್ ಬಿಡುತ್ತದೆ. ನಡುವೆ ಬಿಡಿಸಿಕೊಳ್ಳೋಕೆ ಸಮಯ ಸಿಗುತ್ತದೆ, ಅದಕ್ಕೇ ಜೀವ ಉಳಿಯುತ್ತದೆ. ಲೈನ್ ಕಂಬದಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಕೊಲೆಗೆ ಸಮ. ಅದು ಅಪರಾಧ ಕೂಡ. ದಯವಿಟ್ಟು ಯಾರೂ ಆ ಕೆಲಸಕ್ಕೆ ಕೈ ಹಾಕಬೇಡಿ.

ಝಟ್ಕಾ ಬೇಲಿ ಕೆಲಸ ಮಾಡ್ತಿಲ್ಲ ಅನ್ನುವವರಿಗೆ ನಾನು ಮೊದಲು ಕೇಳುವುದು ಅರ್ತಿಂಗ್ ಬಗ್ಗೆ. ಕರೆಂಟ್ ತಂತಿಯಿಂದ ನಾಯಿಗೆ, ನಾಯಿಯ ಕಾಲಿನಿಂದ ಮಣ್ಣಿಗೆ, ಮಣ್ಣಿನಿಂದ ಅರ್ತ್ ರಾಡ್ ಮೂಲಕ ಮೆಷಿನ್‌ಗೆ ವಾಪಸ್ ಬರಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಮಣ್ಣು ಹೊಟ್ಟಿನಂತೆ ಒಣಗಿರುವಾಗ ಆ ದಾರಿಯೇ ಮುಚ್ಚಿಹೋಗುತ್ತದೆ. ನಾನು ಐದಾರು ಅಡಿಯ ಮೂರು ರಾಡ್‌ಗಳನ್ನು ಹತ್ತತ್ತು ಅಡಿ ದೂರದಲ್ಲಿ ಬಡಿದು, ಒಂದಕ್ಕೊಂದು ತಂತಿ ಸೇರಿಸಿ, ಬುಡಕ್ಕೆ ಡ್ರಿಪ್ ಪೈಪ್ ಬಿಟ್ಟಿದ್ದೇನೆ. ಪರೀಕ್ಷೆ ಹೀಗೆ: ಮೆಷಿನ್ ಆಫ್ ಮಾಡಿ, ದೂರದ ತುದಿಯಲ್ಲಿ ನೆಲಕ್ಕೆ ಹೊಡೆದ ಕಬ್ಬಿಣದ ಸಲಾಕೆಗಳನ್ನು ತಂತಿಗೆ ಒರಗಿಸಿ. ಮತ್ತೆ ಆನ್ ಮಾಡಿದಾಗ ತಂತಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು. ಈಗ ಝಟ್ಕಾ ಬೇಲಿಯ ವೋಲ್ಟೇಜ್ ಅಳೆಯುವ ಟೆಸ್ಟರನ್ನು ಅರ್ತ್ ರಾಡ್‌ಗೆ ಹಿಡಿಯಿರಿ. ಅಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಸಾಲದು, ಇನ್ನೊಂದು ರಾಡ್ ಬಡಿಯಿರಿ. ಮಣ್ಣು ತೀರಾ ಒಣಗಿದಾಗ ಝಟ್ಕಾ ತಂತಿಯ ಮೇಲೆ ನಾಲ್ಕು ಬೆರಳು ಬಿಟ್ಟು ಇನ್ನೊಂದು ತಂತಿ ಎಳೆದು, ಅದನ್ನು ಅರ್ತ್‌ಗೆ ಸೇರಿಸುತ್ತೇನೆ. ಎರಡನ್ನೂ ಒಟ್ಟಿಗೆ ಮುಟ್ಟಿದ ನಾಯಿಗೆ ಮಣ್ಣು ಹೇಗಿದ್ದರೂ ಏಟು ಬಿದ್ದೇ ಬೀಳುತ್ತದೆ. ತಂತಿಗೆ ಹುಲ್ಲು ತಾಗದಂತೆ ಸವರುತ್ತಿರಬೇಕು. ಹಸಿ ಹುಲ್ಲು ಕರೆಂಟನ್ನೆಲ್ಲ ನೆಲಕ್ಕಿಳಿಸಿಬಿಡುತ್ತದೆ.

ಕುರಿ ಬಿಡುವ ಮುಂಚೆ ಹೊಲ ಒಂದು ಸುತ್ತು ನಡೆದು ನೋಡಿ. ಹಿಂದೆ ಟೊಮೆಟೊ ಇದ್ದ ಹೊಲವಾದರೆ ಮಲ್ಚಿಂಗ್ ಪೇಪರಿನ (ಸಾಲಿನ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ತುಂಡು, ಕಟ್ಟುದಾರ ಬಿದ್ದಿರುತ್ತವೆ. ಕುರಿ ಅದನ್ನು ನುಂಗುತ್ತದೆ, ಹೊಟ್ಟೆಯಲ್ಲಿ ಗಂಟಾಗುತ್ತದೆ. ಜೋಳ ಕೊಯ್ದ ಜಾಗದಲ್ಲಿ ಮಳೆ ಬಿದ್ದು ಎಳೆ ಚಿಗುರು ಬಂದಿದ್ದರೆ ಆ ಭಾಗವನ್ನು ಬೇಲಿಯಿಂದ ಹೊರಗಿಡಿ, ಅದರಲ್ಲಿ ವಿಷ ಇರುತ್ತದೆ. ನೀರಿನ ತೊಟ್ಟಿ ಬೇಲಿಯ ನಡುವೆ ಇರಲಿ. ಅಂಚಿನಲ್ಲಿಟ್ಟರೆ ನೂಕಾಟದಲ್ಲಿ ಬಲೆ ಬೀಳುತ್ತದೆ.

ಜರುಗಿಸುವಾಗ ಪೂರ್ತಿ ಕೀಳುವುದಿಲ್ಲ. ಮುಂದಿನ ಚೌಕದ ಕಡೆಗಿರುವ ಸಾಲು ಹಾಗೇ ನಿಲ್ಲುತ್ತದೆ, ಉಳಿದ ಮೂರು ಬದಿ ಮಾತ್ರ ಅದರಾಚೆಗೆ ಹೋಗುತ್ತವೆ. ಕಡ್ಡಿಯಿಂದ ಬಲೆ ಬಿಚ್ಚದೆ, ಕಡ್ಡಿ ಸಮೇತ ಚಾಪೆಯ ಹಾಗೆ ಸುತ್ತಿಕೊಂಡು ಹೋಗಿ ಮತ್ತೆ ಬಿಡಿಸಿದರೆ ಇಬ್ಬರಿಗೆ ಒಂದು ಬೆಳಗಿನ ಕೆಲಸ. ಸೀಸನ್ ಮುಗಿದ ಮೇಲೆ ಸುರುಳಿಗಳನ್ನು ಅಟ್ಟದ ಜಂತೆಗೆ ನೇತುಹಾಕುತ್ತೇನೆ. ನೆಲದ ಮೇಲಿಟ್ಟರೆ ಬಲೆಯನ್ನು ಇಲಿ ಕಡಿಯುತ್ತದೆ, ಕಡ್ಡಿಯನ್ನು ಗೆದ್ದಲು ತಿನ್ನುತ್ತದೆ.