ಸೊಲೆನಾಯ್ಡ್ ವಾಲ್ವ್ ಕೈಕೊಟ್ಟಾಗ: ಹೊಸ ಕಾಯಿಲ್ ತರುವ ಮೊದಲು

ಟೈಮರ್ ಹೊತ್ತಿಗೆ ಸರಿಯಾಗಿ ಆನ್ ಆಗಿದೆ, ಪಂಪು ಓಡುತ್ತಿದೆ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಮಾತ್ರ ‘ಗುಂಯ್’ ಎಂದು ಗುಂಗುಡುತ್ತಿದೆ. ಮೆಣಸಿನ ಬಳ್ಳಿಯ ಬುಡಕ್ಕೆ ಹನಿ ನೀರಿಲ್ಲ. ಮುಟ್ಟಿ ನೋಡಿದರೆ ಅದರ ಕಾಯಿಲ್ (ತಂತಿಯ ಸುರುಳಿ) ಕೈ ಸುಡುತ್ತದೆ. ಇಂಥ ಹೊತ್ತಲ್ಲಿ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗಿ ಹೊಸ ಕಾಯಿಲ್ ತಂದು ಹಾಕುವುದು ರೂಢಿ. ನಾಲ್ಕು ದಿನಕ್ಕೆ ಅದರಿಂದಲೂ ಸುಟ್ಟ ವಾಸನೆ ಬರುತ್ತದೆ. ಕಾಯಿಲ್ ತಾನಾಗಿ ಕೆಡುವುದು ಕಡಿಮೆ. ಒಳಗೆ ಜಾರುವ ಕಬ್ಬಿಣದ ತುಂಡು, ಅಂದರೆ ಪ್ಲಂಜರ್, ತನ್ನ ಜಾಗಕ್ಕೆ ಹೋಗಿ ಕೂರಲಾಗದೆ ನಿಂತಾಗ ಅದು ಸುಡುತ್ತದೆ. ಪ್ಲಂಜರ್ ಯಾಕೆ ಕೂರಲಿಲ್ಲ ಎಂದು ಹುಡುಕಲು ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆ ಸಮಯ ಸಾಕು.

ಒಳಗೆ ಏನಿದೆ

ಎನಾಮೆಲ್ ಬಳಿದ ತಾಮ್ರದ ತಂತಿಯನ್ನು ಕೊಳವೆಯ ಸುತ್ತ ಒತ್ತೊತ್ತಾಗಿ ಸುತ್ತಿದರೆ ಸೊಲೆನಾಯ್ಡ್ ಆಯಿತು. ಈ ಹೆಸರಿಟ್ಟವನು ಫ್ರಾನ್ಸಿನ ಆಂಪಿಯರ್. ಗ್ರೀಕ್ ಭಾಷೆಯಲ್ಲಿ ‘ಸೋಲೆನ್’ ಅಂದರೆ ಕೊಳವೆ. ತಂತಿಯಲ್ಲಿ ಕರೆಂಟ್ ಹರಿದಾಗ ಕೊಳವೆಯೊಳಗೆ ಕಾಂತಶಕ್ತಿ ಹುಟ್ಟುತ್ತದೆ. ಕೊಳವೆಯ ಒಂದು ತುದಿಯಲ್ಲಿ ಕದಲದ ಕಬ್ಬಿಣದ ತುಂಡು, ಇನ್ನೊಂದು ಕಡೆಯಿಂದ ಜಾರುವ ಪ್ಲಂಜರ್, ಎರಡರ ನಡುವೆ ಚಿಕ್ಕ ಸಂದು. ಕಾಂತಶಕ್ತಿ ಆ ಸಂದನ್ನು ಮುಚ್ಚಲು ಪ್ಲಂಜರನ್ನು ಒಳಕ್ಕೆ ಎಳೆಯುತ್ತದೆ. ಕರೆಂಟ್ ನಿಂತ ಕೂಡಲೇ ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳುತ್ತದೆ.

ಎಳೆತ ಎಷ್ಟು ಎಂಬುದನ್ನು ಸುತ್ತುಗಳ ಸಂಖ್ಯೆ, ಕರೆಂಟು, ಸಂದಿನ ಅಗಲ ಈ ಮೂರು ಸೇರಿ ತೀರ್ಮಾನಿಸುತ್ತವೆ. ಕರೆಂಟ್ ಅಷ್ಟೇ ಇದ್ದು ಸಂದು ಎರಡರಷ್ಟಾದರೆ ಎಳೆತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ವಾಲ್ವಿನ ಪ್ಲಂಜರ್ ಒಂದೆರಡು ಮಿಲಿಮೀಟರ್ ಮಾತ್ರ ಕದಲುವಂತೆ ಮಾಡಿರುವುದು ಇದಕ್ಕೇ. ಆ ಸಂದಿಗೆ ಒಂದು ಕಾಳು ಮರಳು ಸೇರಿದರೂ ಲೆಕ್ಕ ತಪ್ಪುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಹಳೆಯ ಪೆನ್ನಿನ ಪ್ಲಾಸ್ಟಿಕ್ ಕೊಳವೆಗೆ, ಸುಮಾರು 4 ಸೆಂ.ಮೀ. ಉದ್ದದಲ್ಲಿ, 0.3 ಮಿ.ಮೀ. ದಪ್ಪದ ಎನಾಮೆಲ್ ತಂತಿಯನ್ನು 300 ಸುತ್ತು ಸುತ್ತಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಈ ತಂತಿ ಸಿಗುತ್ತದೆ. ಹತ್ತು ಹನ್ನೊಂದು ಮೀಟರ್ ಬೇಕು. ಎರಡೂ ತುದಿಯ ಎನಾಮೆಲನ್ನು ಬ್ಲೇಡಿನಿಂದ ಹೆರೆಯಿರಿ. ಮೊಳೆಯ ಅರ್ಧ ಭಾಗವನ್ನು ಕೊಳವೆಯೊಳಗೆ ಇಟ್ಟು, ಎರಡು ಪೆನ್ಸಿಲ್ ಸೆಲ್ಲನ್ನು ಸಾಲಾಗಿ ಜೋಡಿಸಿ ಒಂದು ಕ್ಷಣ ಮುಟ್ಟಿಸಿದರೆ ಮೊಳೆ ಒಳಕ್ಕೆ ಹಾರುತ್ತದೆ. ಹೆಚ್ಚು ಹೊತ್ತು ಹಿಡಿಯಬೇಡಿ. ಇಷ್ಟು ತಂತಿಗೆ ಎರಡೂವರೆ ಓಮ್ ತಡೆ (ರೆಸಿಸ್ಟೆನ್ಸ್) ಮಾತ್ರ ಇರುವುದರಿಂದ ಬೇಗ ಬಿಸಿಯಾಗುತ್ತದೆ.

ಎಸಿ ಕಾಯಿಲ್ ಯಾಕೆ ಸುಡುತ್ತದೆ

ಈ ಭಾಗವನ್ನು ನಿಧಾನವಾಗಿ ಓದಿ. ದುಡ್ಡು ಹೋಗುವುದು ಇಲ್ಲೇ.

ಡಿಸಿ ಕಾಯಿಲಿನ ಕರೆಂಟನ್ನು ತಂತಿಯ ಓಮ್ ಒಂದೇ ತೀರ್ಮಾನಿಸುತ್ತದೆ. ಪ್ಲಂಜರ್ ಕೂತಿರಲಿ, ಅರ್ಧದಲ್ಲಿ ನಿಂತಿರಲಿ, ಕರೆಂಟ್ ಅಷ್ಟೇ. ಎಸಿ ಕಾಯಿಲ್ ಹಾಗಲ್ಲ. ಪ್ಲಂಜರ್ ಒಳಗೆ ಹೋಗಿ ಸಂದು ಮುಚ್ಚಿದ ಮೇಲೆ ಕಾಯಿಲಿನ ಇಂಡಕ್ಟನ್ಸ್ (ಎಸಿ ಕರೆಂಟನ್ನು ತಡೆಯುವ ಗುಣ) ಏರಿ ಕರೆಂಟ್ ಇಳಿಯುತ್ತದೆ. ತೋಟದ ಟೈಮರುಗಳ ಜೊತೆ ಬರುವ 24 ವೋಲ್ಟ್ ಎಸಿ ವಾಲ್ವ್ ಎಳೆಯುವ ಗಳಿಗೆಯಲ್ಲಿ ಸುಮಾರು 0.4 ಆಂಪ್ ತಿಂದರೆ, ಕೂತ ಮೇಲೆ 0.2 ಆಂಪಿನ ಆಸುಪಾಸಿಗೆ ಬರುತ್ತದೆ. ಪ್ಲಂಜರ್ ಮಣ್ಣಿಗೆ ಸಿಕ್ಕಿಕೊಂಡರೆ ಆ 0.4 ಆಂಪ್ ಇಳಿಯುವುದೇ ಇಲ್ಲ. ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಎರಡರಷ್ಟು ಕರೆಂಟಿಗೆ ನಾಲ್ಕರಷ್ಟು ಬಿಸಿ. ಕಾಯಿಲ್ ಅದನ್ನು ಗಂಟೆಗಟ್ಟಲೆ ತಡೆಯಲಾರದು.

ಅದೇ ಕಾರಣಕ್ಕೆ, ಎಸಿ ಕಾಯಿಲನ್ನು ವಾಲ್ವಿನಿಂದ ಬಿಚ್ಚಿ ಕೈಯಲ್ಲಿ ಹಿಡಿದು ಕರೆಂಟ್ ಕೊಟ್ಟು ಪರೀಕ್ಷಿಸಬೇಡಿ. ಒಳಗೆ ಕಬ್ಬಿಣವಿಲ್ಲದ ಎಸಿ ಕಾಯಿಲ್ ಸ್ವಲ್ಪ ಹೊತ್ತಿಗೇ ಸುಟ್ಟುಹೋಗುತ್ತದೆ.

ಬರೀ ಬಿಸಿ ಇದ್ದರೆ ಗಾಬರಿ ಬೇಡ. ಬಿಡದೆ ಚಾಲೂ ಇಡಬಹುದಾದ ಕಾಯಿಲ್ ಕೂಡ 70–80 ಡಿಗ್ರಿ ತಲುಪಬಹುದು. ಪ್ಲಾಸ್ಟಿಕ್ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕಂದು ರಸ ಒಸರಿದ್ದರೆ ಮಾತ್ರ ಅದರ ಆಯಸ್ಸು ಮುಗಿದಿದೆ.

ಗುಂಗುಡುವ ಸದ್ದಿಗೂ ಅರ್ಥವಿದೆ. 50 ಹರ್ಟ್ಸ್ ಎಸಿಯಲ್ಲಿ ಕಾಂತಶಕ್ತಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಪ್ಲಂಜರ್ ಜಾರದಂತೆ ಹಿಡಿಯಲು ಕದಲದ ತುಂಡಿನ ಮುಖಕ್ಕೆ ತಾಮ್ರದ ಸಣ್ಣ ಉಂಗುರವೊಂದನ್ನು ಕೂರಿಸಿರುತ್ತಾರೆ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಕೆಂಪಗೆ ಕಾಣುತ್ತದೆ. ಉಂಗುರ ಒಡೆದರೆ, ಇಲ್ಲವೇ ಆ ಮುಖದ ಮೇಲೆ ಕೆಮ್ಮಣ್ಣು, ತುಕ್ಕು ಕೂತು ಪ್ಲಂಜರ್ ಪೂರ್ತಿ ತಾಗದಿದ್ದರೆ ಗುಂಗುಡುತ್ತದೆ. ವೋಲ್ಟೇಜ್ ಕಮ್ಮಿಯಾದರೂ ಅದೇ ಸದ್ದು. ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ 230 ಇರಬೇಕಾದಲ್ಲಿ 180 ಬಂದರೆ ಎಳೆತ ನೂರಕ್ಕೆ 61ರಷ್ಟೇ ಉಳಿಯುತ್ತದೆ.

ಪಂಪ್ ಸ್ಟಾರ್ಟರಿನ ಕಾಂಟಾಕ್ಟರ್, ಅಂದರೆ ಕಾಯಿಲ್ ಎಳೆದು ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್, ಸಹ ಇದೇ ಜಾತಿ. ಅದರ ಕಾಯಿಲ್ ಹೇಳಿದ ವೋಲ್ಟೇಜಿನ ಶೇ. 85ರಿಂದ 110ರ ನಡುವೆ ಖಚಿತವಾಗಿ ಎಳೆಯಬೇಕು. 230ರ ಕಾಯಿಲಿಗೆ ಕೆಳಗಿನ ಮಿತಿ ಸುಮಾರು 195, 415ರ ಕಾಯಿಲಿಗೆ ಸುಮಾರು 353. ಅದಕ್ಕಿಂತ ಕೆಳಗೆ ಸ್ಟಾರ್ಟರ್ ‘ಟರ್‌ರ್’ ಎಂದು ಬಡಿದುಕೊಳ್ಳುತ್ತಿದ್ದರೆ ತಕ್ಷಣ ನಿಲ್ಲಿಸಿ. ಬಡಿದುಕೊಳ್ಳುವ ಕಾಂಟಾಕ್ಟುಗಳು ಕಿಡಿ ಹಾರಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಆಫ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ.

ಹದಿನೈದು ಕಿಲೋ ಭಾರವನ್ನು ಎತ್ತುವ ಬಗೆ

ಒಂದಿಂಚಿನ ವಾಲ್ವಿನ ಬಾಯಿಯ ಮೇಲೆ 3 ಬಾರ್ ಒತ್ತಡದ ನೀರು ಸುಮಾರು 15 ಕಿಲೋ ಭಾರ ಹಾಕುತ್ತದೆ. ಬೆರಳುದ್ದದ ಪ್ಲಂಜರಿಗೆ ಅದು ಆಗದ ಕೆಲಸ. ಹಾಗಾಗಿ ಪ್ಲಂಜರ್ ತೆರೆಯುವುದು ಒಂದೂವರೆ ಮಿಲಿಮೀಟರಿನಷ್ಟು ಚಿಕ್ಕ ತೂತನ್ನು ಮಾತ್ರ. ಅದರ ಮೇಲಿನ ಭಾರ ಐವತ್ತು ಗ್ರಾಂ ಚಿಲ್ಲರೆ. ಉಳಿದದ್ದನ್ನು ನೀರೇ ಮಾಡುತ್ತದೆ.

ವಾಲ್ವಿನ ನಡುವೆ ರಬ್ಬರಿನ ಡಯಾಫ್ರಾಮ್, ಅಂದರೆ ಬಾಗುವ ತೆಳು ಪೊರೆ, ಇದೆ. ಅದರಲ್ಲಿರುವ ಸೂಜಿ ತೂತಿನಿಂದ ನೀರು ಮೇಲಿನ ಕೋಣೆಗೆ ಹೋಗಿ ತುಂಬಿಕೊಳ್ಳುತ್ತದೆ. ಮೇಲಿನ ಮುಖ ಅಗಲವಾದ್ದರಿಂದ ಡಯಾಫ್ರಾಮ್ ಸೀಟಿಗೆ (ವಾಲ್ವಿನ ಬಾಯಿಯ ಅಂಚಿಗೆ) ಒತ್ತಿ ಕೂರುತ್ತದೆ. ಪ್ಲಂಜರ್ ಮೇಲೆದ್ದಾಗ ಆ ಕೋಣೆಯ ನೀರು, ತುಂಬುವುದಕ್ಕಿಂತ ಬೇಗ, ಚಿಕ್ಕ ತೂತಿನಿಂದ ಆಚೆ ಪೈಪಿಗೆ ಹೋಗುತ್ತದೆ. ಮೇಲಿನ ಒತ್ತಡ ಇಳಿದು, ಕೆಳಗಿನ ನೀರು ಡಯಾಫ್ರಾಮನ್ನು ಎತ್ತುತ್ತದೆ.

ವಾಲ್ವಿನ ಎಲ್ಲ ತೊಂದರೆಗಳನ್ನೂ ಈ ಎರಡು ತೂತುಗಳಿಂದಲೇ ಊಹಿಸಬಹುದು. ಡಯಾಫ್ರಾಮಿನ ಸೂಜಿ ತೂತು ಕಟ್ಟಿದರೆ ಮೇಲಿನ ಕೋಣೆ ತುಂಬದು, ವಾಲ್ವ್ ಮುಚ್ಚದು. ಪ್ಲಂಜರಿನ ಕೆಳಗಿನ ತೂತು ಕಟ್ಟಿದರೆ ಕೋಣೆ ಖಾಲಿಯಾಗದು, ವಾಲ್ವ್ ತೆರೆಯದು. ಡಯಾಫ್ರಾಮ್ ಅಂಚಿನ ಕಡೆ ಹರಿದಿದ್ದರೂ ತೆರೆಯದು. ಸೀಟಿನ ಮೇಲೆ ಕೂರುವ ಜಾಗದಲ್ಲಿ ಹರಿದಿದ್ದರೆ ಸದಾ ಸೋರುತ್ತದೆ. ನೀರಿನ ದಿಕ್ಕು ತೋರಿಸುವ ಮೈಮೇಲಿನ ಬಾಣ ಹಿಂದುಮುಂದಾಗುವಂತೆ ಕೂರಿಸಿದರೆ ವಾಲ್ವ್ ನೀರನ್ನು ಹಿಡಿಯುವುದಿಲ್ಲ.

ಗುಡ್ಡದ ತೋಟಗಳಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಇಂಥ ವಾಲ್ವಿಗೆ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಬೇಕು. ಅನೇಕ ಮಾದರಿಗಳಿಗೆ ಅದು 0.5 ಬಾರ್. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಕೊಡುತ್ತದೆ. ಏರಿನ ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಬರುವ ವ್ಯವಸ್ಥೆಯಲ್ಲಿ ವಾಲ್ವಿಗಿಂತ ಟ್ಯಾಂಕಿನ ನೀರಿನ ಮಟ್ಟ ಐದು ಮೀಟರಾದರೂ ಮೇಲಿರದಿದ್ದರೆ ವಾಲ್ವ್ ಅರೆಬರೆ ತೆರೆಯುತ್ತದೆ, ಇಲ್ಲವೇ ಸರಿಯಾಗಿ ಮುಚ್ಚುವುದಿಲ್ಲ. ಹತ್ತು ಮೀಟರ್ ಇದ್ದರೆ ನೆಮ್ಮದಿ. ಅಷ್ಟು ಎತ್ತರ ಸಿಗದ ನರ್ಸರಿಗೆ 0 ಬಾರಿನಿಂದ ಕೆಲಸ ಮಾಡುತ್ತದೆ ಎಂದು ಬರೆದಿರುವ ವಾಲ್ವನ್ನೇ ಕೇಳಿ ತನ್ನಿ. ತುಸು ದುಬಾರಿ, ಆದರೆ ಬೇರೆ ದಾರಿ ಇಲ್ಲ.

ಕೂರಿಸುವಾಗ

ವಾಲ್ವಿಗೆ ನೀರು ಬರುವ ಕಡೆ 120 ಮೆಶ್ ಡಿಸ್ಕ್ ಫಿಲ್ಟರ್, ಅಂದರೆ 130 ಮೈಕ್ರಾನ್, ಇರಲೇಬೇಕು. ಕೆರೆ ನೀರಿಗೂ ಕೊಲ್ಲಿ (ತೊರೆ) ನೀರಿಗೂ ಫಿಲ್ಟರ್ ಇಲ್ಲದ ಸೊಲೆನಾಯ್ಡ್ ವಾಲ್ವ್ ಒಂದು ಸೀಸನ್ ದಾಟುವುದು ಕಷ್ಟ. ಫಿಲ್ಟರಿಗೂ ಮೊದಲು, ನೀರು ಬರುವ ಕಡೆ, ಒಂದು ಬಾಲ್ ವಾಲ್ವ್ ಹಾಕಿದರೆ ರಿಪೇರಿಗೆ ಇಡೀ ಲೈನ್ ಖಾಲಿ ಮಾಡಬೇಕಿಲ್ಲ. ಹೊಸ ಪೈಪ್ ಆದರೆ ಮೊದಲು ತುದಿ ಬಿಚ್ಚಿ ನೀರು ಬಿಟ್ಟು, ಪಿವಿಸಿ ಕೊರೆದ ಪುಡಿ ಪೂರ್ತಿ ಹೋದ ಮೇಲೆ ವಾಲ್ವ್ ಕೂರಿಸಿ. ಕಾಯಿಲ್ ಮೇಲ್ಮುಖವಾಗಿರಲಿ, ತಲೆಕೆಳಗಾದರೆ ಮಣ್ಣೆಲ್ಲ ಪ್ಲಂಜರಿನ ಕೊಳವೆಗೇ ಇಳಿಯುತ್ತದೆ. ತಿರುಗಿಸುವಾಗ ವಾಲ್ವಿನ ಮೈಯನ್ನು ಸ್ಪಾನರಿನಲ್ಲಿ ಹಿಡಿಯಿರಿ, ಕಾಯಿಲನ್ನು ಹಿಡಿದು ತಿರುಗಿಸಬೇಡಿ.

ತೇವದ ನೆಲದಲ್ಲಿ 230 ವೋಲ್ಟ್ ಕಾಯಿಲ್ ಬೇಡವೇ ಬೇಡ. ಟ್ರಾನ್ಸ್‌ಫಾರ್ಮರ್ ಪಂಪ್ ಮನೆಯಲ್ಲಿರಲಿ, ತೋಟಕ್ಕೆ 24 ವೋಲ್ಟ್ ಹೋಗಲಿ. ವೈರ್ ಲೆಕ್ಕ ಹೀಗೆ: 1 ಚದರ ಮಿ.ಮೀ. ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 18 ಓಮ್. 300 ಮೀಟರ್ ದೂರದ ವಾಲ್ವಿಗೆ ಹೋಗಿಬರುವ ವೈರ್ 600 ಮೀಟರ್, ಸುಮಾರು 11 ಓಮ್. ಎಳೆಯುವಾಗಿನ 0.4 ಆಂಪಿಗೆ 4 ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಹೋಗಿ, ವಾಲ್ವಿಗೆ 20ಕ್ಕಿಂತ ಕಮ್ಮಿ ಸಿಗುತ್ತದೆ. 1.5 ಚದರ ಮಿ.ಮೀ. ಹಾಕಿದರೆ ನಷ್ಟ 3 ವೋಲ್ಟಿನೊಳಗೆ ನಿಲ್ಲುತ್ತದೆ.

ಜಾಯಿಂಟುಗಳಿಗೆ ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ತಾಮ್ರ ಹಸಿರಾಗುತ್ತದೆ. ಜೆಲ್ ತುಂಬಿದ ಕನೆಕ್ಟರ್ ಬಳಸಿ. ಪ್ಲಗ್ ಇರುವ ಮಾದರಿಯಲ್ಲಿ ರಬ್ಬರ್ ಗ್ಯಾಸ್ಕೆಟ್ ಕಳೆದುಹೋಗದಂತೆ ನೋಡಿಕೊಳ್ಳಿ, ವೈರ್ ಕೆಳಗೆ ಬಾಗಿ ಮೇಲೆ ಬರಲಿ. ವೈರ್ ಒಳಹೋಗುವ ಬಾಯಿಯ ಬಿಗಿನಟ್ಟು (ಗ್ಲ್ಯಾಂಡ್) ಸಡಿಲವಿದ್ದರೆ ಇರುವೆ ಒಳಗೆ ಗೂಡು ಕಟ್ಟುತ್ತದೆ.

ಪರೀಕ್ಷೆ

ಮೊದಲು ವಾಲ್ವಿನ ಬಳಿ, ಕಾಯಿಲ್ ಜೋಡಿಸಿದಂತೆಯೇ ಇರುವಾಗ, ಆನ್ ಮಾಡಿಸಿ ವೋಲ್ಟೇಜ್ ಅಳೆಯಿರಿ. ಕಾಯಿಲ್ ಬಿಚ್ಚಿ ಅಳೆದರೆ ಕೊಳೆತ ಜಾಯಿಂಟ್ ಕೂಡ 24 ತೋರಿಸಿ ಮೋಸ ಮಾಡುತ್ತದೆ. ಹೊರೆ ಬಿದ್ದಾಗ ಮಾತ್ರ ಅದರ ನಿಜ ಗೊತ್ತಾಗುವುದು.

ವೋಲ್ಟೇಜ್ ಸರಿ ಇದ್ದರೆ ಸ್ಕ್ರೂಡ್ರೈವರಿನ ತುದಿಯನ್ನು ಕಾಯಿಲಿನ ಮೇಲಿನ ನಟ್ಟಿನ ಹತ್ತಿರ ಹಿಡಿಯಿರಿ. ಎಳೆತವಿದ್ದರೆ ಕಾಯಿಲ್ ಚೆನ್ನಾಗಿದೆ, ದೋಷ ನೀರಿನ ಕಡೆ. ಎಳೆತವಿಲ್ಲದಿದ್ದರೆ ಕರೆಂಟ್ ತೆಗೆದು, ಒಂದು ವೈರ್ ಬಿಚ್ಚಿ ಓಮ್ ನೋಡಿ. 24 ವೋಲ್ಟಿನ ನೀರಾವರಿ ಕಾಯಿಲುಗಳು ಹೆಚ್ಚಾಗಿ 20ರಿಂದ 60 ಓಮಿನ ನಡುವೆ ಇರುತ್ತವೆ. ಮೀಟರ್ ಅಂಕಿಯನ್ನೇ ತೋರಿಸದಿದ್ದರೆ ತಂತಿ ಕಡಿದಿದೆ. ಪಕ್ಕದ ಅದೇ ಮಾದರಿಯ ಕಾಯಿಲಿಗಿಂತ ತೀರಾ ಕಮ್ಮಿ ತೋರಿಸಿದರೆ ಸುತ್ತುಗಳು ಒಳಗೆ ಶಾರ್ಟ್ ಆಗಿವೆ. ಡಿಸಿ ಕಾಯಿಲಿಗೆ ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿ. 24 ವೋಲ್ಟ್, 10 ವ್ಯಾಟಿಗೆ 58 ಓಮ್ ಹತ್ತಿರ ಬರಬೇಕು. ಎಸಿ ಕಾಯಿಲಿಗೆ ಈ ಲೆಕ್ಕ ಹೊಂದುವುದಿಲ್ಲ.

ನೀರಿನ ಕಡೆಯ ದೋಷವಾದರೆ ಬಾಲ್ ವಾಲ್ವ್ ಮುಚ್ಚಿ, ಲೈನಿನ ಒತ್ತಡ ಬಿಟ್ಟು, ಮೇಲಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಸ್ಪ್ರಿಂಗ್ ಹಾರಿ ಕಾಫಿ ಗಿಡದ ದರಗಿನಲ್ಲಿ ಬಿದ್ದರೆ ಸಿಗುವುದಿಲ್ಲ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಡಯಾಫ್ರಾಮನ್ನು ಬೆಳಕಿಗೆ ಹಿಡಿದರೆ ಸೂಜಿ ತೂತಿನಲ್ಲಿ ಬೆಳಕು ಕಾಣಬೇಕು. ಕಾಣದಿದ್ದರೆ ಬಾಯಿಂದ ಊದಿ, ಇಲ್ಲವೇ ಬ್ರಷ್ಷಿನ ನೈಲಾನ್ ಎಳೆಯಿಂದ ಬಿಡಿಸಿ. ಗುಂಡುಸೂಜಿ ತುರುಕಬೇಡಿ, ತೂತು ಹಿಗ್ಗಿದರೆ ವಾಲ್ವ್ ತೆರೆಯುವುದೇ ನಿಧಾನವಾಗುತ್ತದೆ. ಬೋರ್‌ವೆಲ್ ನೀರಿನ ಕಿತ್ತಳೆ ಬಣ್ಣದ ಕಿಟ್ಟವಿದ್ದರೆ ಪ್ಲಂಜರನ್ನು ನಿಂಬೆರಸದಲ್ಲೋ ವಿನೆಗರಿನಲ್ಲೋ ಅರ್ಧ ಗಂಟೆ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಎಮರಿ ಪೇಪರ್ ಹಾಕಿದರೆ ಮುಖ ಸಮವಾಗಿ ತಾಗುವುದಿಲ್ಲ. ಎಂಜಿನ್ ಆಯಿಲ್, ಗ್ರೀಸ್ ಸವರಬೇಡಿ. ನೀರಿನ ವಾಲ್ವುಗಳಲ್ಲಿ ಬಳಸುವ ಇಪಿಡಿಎಂ ರಬ್ಬರ್ ಎಣ್ಣೆಗೆ ಉಬ್ಬುತ್ತದೆ. ಬೇಕೇಬೇಕಿದ್ದರೆ ಸಿಲಿಕೋನ್ ಗ್ರೀಸ್ ಒಂದು ಚೂರು.

ಜೀಪಿನ ಸ್ಟಾರ್ಟರಿನಲ್ಲೂ ಸೊಲೆನಾಯ್ಡ್ ಇದೆ. ಅದರಲ್ಲಿ ಎರಡು ಸುತ್ತುಗಳು: ಒಂದು ಎಳೆಯಲು, ಒಂದು ಹಿಡಿದಿಡಲು. ಕೀ ತಿರುಗಿಸಿದಾಗ ಬರೀ ‘ಟಕಟಕಟಕ’ ಬಂದರೆ ಬ್ಯಾಟರಿ ವೋಲ್ಟೇಜ್ ಕುಸಿದು, ಎಳೆದದ್ದನ್ನು ಹಿಡಿದಿಡಲಾಗುತ್ತಿಲ್ಲ ಎಂದರ್ಥ. ಸೊಲೆನಾಯ್ಡ್ ಬದಲಿಸುವ ಮೊದಲು ಬ್ಯಾಟರಿ ಟರ್ಮಿನಲ್, ಅರ್ತ್ ವೈರ್ ಉಜ್ಜಿ ಬಿಗಿಮಾಡಿ ನೋಡಿ.

ಸಿಡಿಲು ಮತ್ತು ಮಳೆಗಾಲ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದದ ವಾಲ್ವ್ ವೈರುಗಳು ಸಿಡಿಲಿನ ಹೊಡೆತವನ್ನು ನೇರ ಟೈಮರಿಗೆ ತರುತ್ತವೆ. ಮೋಡ ಕಟ್ಟಿದಾಗ ಟೈಮರಿನಿಂದ ವಾಲ್ವ್ ವೈರ್ ಕಿತ್ತಿಡುವುದು ಎಲ್ಲಕ್ಕಿಂತ ಭದ್ರ. ಡಿಸಿ ಕಾಯಿಲ್ ಆಫ್ ಆಗುವಾಗ ತಾನೇ ಹುಟ್ಟಿಸುವ ವೋಲ್ಟೇಜಿಗೆ 1ಎನ್4007 ಡಯೋಡನ್ನು, ಬಿಳಿ ಪಟ್ಟಿ ಪ್ಲಸ್ ಕಡೆ ಬರುವಂತೆ, ಕಾಯಿಲಿಗೆ ಅಡ್ಡಲಾಗಿ ಹಾಕಿ. ಎಸಿ ಕಾಯಿಲಿಗೆ ಡಯೋಡ್ ಹಾಕಿದರೆ ಶಾರ್ಟ್ ಆದಂತೆ. ಅಲ್ಲಿಗೆ ಹೆಚ್ಚಾದ ವೋಲ್ಟೇಜನ್ನು ಹೀರುವ ಬಿಡಿಭಾಗ, ಎಂಒವಿ, ಬೇಕು.

ಬ್ಯಾಟರಿ ಟೈಮರಿನ 9 ವೋಲ್ಟ್ ಲ್ಯಾಚಿಂಗ್ ಸೊಲೆನಾಯ್ಡಿಗೂ ಡಯೋಡ್ ಬೇಡ. ಅದಕ್ಕೆ ಒಂದು ಗಳಿಗೆಯ ಕರೆಂಟ್ ಸಾಕು: ಒಂದು ದಿಕ್ಕಿಗೆ ಕೊಟ್ಟರೆ ತೆರೆಯುತ್ತದೆ, ಒಳಗಿನ ಕಾಯಂ ಅಯಸ್ಕಾಂತ ಹಿಡಿದಿಡುತ್ತದೆ, ತಿರುವಿ ಕೊಟ್ಟರೆ ಮುಚ್ಚುತ್ತದೆ. ಕೆಂಪು ಕಪ್ಪು ವೈರ್ ಅದಲುಬದಲಾದರೆ ಮುಚ್ಚಬೇಕಾದಾಗ ತೆರೆಯುತ್ತದೆ. ತೆರೆದಿರುವಾಗ ಬ್ಯಾಟರಿ ಸತ್ತರೆ ತೆರೆದೇ ಉಳಿದು ಟ್ಯಾಂಕ್ ಬರಿದಾಗುತ್ತದೆ. ಆದ್ದರಿಂದ ನೀರು ಹಾಯಿಸುವ ಕಾಲ ಶುರುವಾಗುವ ಮೊದಲೇ ಹೊಸ ಬ್ಯಾಟರಿ ಹಾಕಿ.

ಜೂನಿನ ಮಳೆ ಹಿಡಿಯುವ ಮುಂಚೆ ಲೈನ್ ಖಾಲಿ ಮಾಡಿ, ಟೈಮರಿನ ಬ್ಯಾಟರಿ ತೆಗೆದು, ಕಾಯಿಲುಗಳನ್ನು ಬಿಚ್ಚಿ ಒರೆಸಿ, ಯಾವ ವಾಲ್ವಿನದು ಎಂದು ಬರೆದ ಚೀಟಿ ಕಟ್ಟಿ ಒಣ ಜಾಗದಲ್ಲಿಡಿ. ವಾಲ್ವಿನ ಮೇಲೆ ಉಳಿಯುವ ಕೊಳವೆಗೆ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿ. ಬೇಸಿಗೆಯಲ್ಲಿ ಮತ್ತೆ ಜೋಡಿಸುವಾಗ ಮೊದಲು ಓಮ್ ಅಳೆದು, ಅದೇ ಚೀಟಿಯ ಮೇಲೆ ಬರೆದಿಡಿ.